ಯಾವ ಮಾಡೆಲ್? ಸಂಗ್ರಹಯೋಗ್ಯ ಸ್ಪೋರ್ಟ್ಸ್ ಕಾರುಗಳ ಮಾಡೆಲ್ ವರ್ಷ, ತಯಾರಿಕೆಯ ದಿನ ಮತ್ತು ಇತಿಹಾಸಕಾರನ ಕೆಲಸ

ನಾನು ಮಿರಜ ಭಾಗದ ಆರಗದಿಂದ ಮಾತಾಡ್ತಾ ಇದೀನಿ. ನಮ್ಮ ಕಡೆ ಹಳೇ ಟ್ರ್ಯಾಕ್ಟರ್ ಇರಲಿ, ಜೀಪ್ ಇರಲಿ, ಕೊಳ್ಳಾಕ ಬಂದವರ ಮೊದಲ ಪ್ರಶ್ನೆ "ಯಾವ ಮಾಡೆಲ್ ರೀ?" ಅನ್ನೋದು. ಅದಕ್ಕೆ ಉತ್ತರ ಒಂದು ಇಸವಿ. ಡಿಸೆಂಬರ್‌ದಾಗ ತಯಾರಾಗಿ ಜನವರಿಯೊಳಗ ನೋಂದಣಿಯಾದ ಗಾಡಿಗೆ ಮಾರುವವರು ಒಂದು ಇಸವಿ ಹೇಳ್ತಾರ, ಕೊಳ್ಳುವವರು ಇನ್ನೊಂದು. ಇಬ್ಬರದೂ ಸುಳ್ಳಲ್ಲ. ಆರ್‌ಸಿ ಪುಸ್ತಕದಲ್ಲಿ ತಯಾರಿಕೆಯ ತಿಂಗಳು-ವರ್ಷ ಬೇರೆ, ನೋಂದಣಿಯ ದಿನಾಂಕ ಬೇರೆ ಇರುತ್ತದೆ. ಈ ಎರಡರ ಜೊತೆಗೆ ಕಂಪನಿ ಕೊಡುವ ಮೂರನೆಯ ಇಸವಿಯೂ ಒಂದಿದೆ: ಮಾಡೆಲ್ ವರ್ಷ. ಸಂಗ್ರಾಹಕರ ಜಗಳ ಹೆಚ್ಚಾಗಿ ಈ ಮೂರನೆಯದರ ಮೇಲೆ.

ಪ್ರಸಿದ್ಧ ಉದಾಹರಣೆ ಫೋರ್ಡ್ ಮಸ್ಟಾಂಗ್. ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್ ಕಾರ್ಖಾನೆಯಲ್ಲಿ ಅದರ ತಯಾರಿಕೆ 1964ರ ಮಾರ್ಚ್ 9ರಂದು ಶುರುವಾಯಿತು. ಏಪ್ರಿಲ್ 17ರಂದು ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಕಾರು ಜನರ ಮುಂದೆ ಬಂತು. ಆದರೆ ಕಂಪನಿ ಇವೆಲ್ಲವನ್ನೂ 1965ರ ಮಾಡೆಲ್ ಎಂದೇ ದಾಖಲಿಸಿತು. ಕಾರಿನ ಸಂಖ್ಯೆ ಶುರುವಾಗುವುದೇ ಐದರಿಂದ, ಅಂದರೆ 65. ಅಮೆರಿಕದಲ್ಲಿ ಹೊಸ ಮಾಡೆಲ್ ವರ್ಷ ಸಾಮಾನ್ಯವಾಗಿ ಹಿಂದಿನ ವರ್ಷದ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೇ ಶುರುವಾಗುತ್ತಿತ್ತು. ಮಸ್ಟಾಂಗ್ ಅದಕ್ಕಿಂತಲೂ ಮೊದಲು ಬಂದದ್ದರಿಂದ ಸಂಗ್ರಾಹಕರು ಆ ಮೊದಲ ತಿಂಗಳುಗಳ ಕಾರನ್ನು "ಅರವತ್ನಾಲ್ಕೂವರೆ" ಅಂತ ಕರೀತಾರೆ. ಕಂಪನಿಯ ದಾಖಲೆಯಲ್ಲಿ ಅಂಥ ಮಾಡೆಲ್ ಇಲ್ಲವೇ ಇಲ್ಲ.

ಹಂಗಂತ ಆ ಹೆಸರು ಬರೀ ಕಲ್ಪನೆಯಲ್ಲ. ಮೊದಲ ಕಾರುಗಳಲ್ಲಿ ಬ್ಯಾಟರಿ ಚಾರ್ಜ್ ಮಾಡಲು ಜನರೇಟರ್ ಇತ್ತು, ಆಮೇಲೆ ಆಲ್ಟರ್ನೇಟರ್ ಬಂತು. ಕಾಗದದಲ್ಲಿ ಎರಡೂ 1965, ಕಬ್ಬಿಣದಲ್ಲಿ ಬೇರೆ ಬೇರೆ. ಈಗ ಒಬ್ಬ ಮಾಲೀಕರು "1965ರ ಕಾರಿಗೆ ಆಲ್ಟರ್ನೇಟರೇ ಸರಿ" ಎಂದು ನಂಬಿ ಹಳೆಯ ಜನರೇಟರ್ ಕಿತ್ತು ಹಾಕಿದರೆ ಏನಾಯಿತು? ಕಾರು ಚಂದ ಆಗಬಹುದು, ಆದರೆ ಅದರ ಹುಟ್ಟಿನ ಒಂದು ಸಾಕ್ಷಿ ಹೋಯಿತು. ಇಸವಿಯನ್ನು ತಪ್ಪಾಗಿ ಓದಿದ್ದರಿಂದ ಮೂಲ ವಸ್ತುವೇ ಕೆಟ್ಟಿತು. ನಮ್ಮ ಶಿಸ್ತಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ಶೆವ್ರೊಲೆ ಕಾರ್ವೆಟ್. 1982ರ ಮಾಡೆಲ್ ಆದಮೇಲೆ ಮಾರಾಟಕ್ಕೆ ಬಂದದ್ದು 1984ರ ಮಾಡೆಲ್. ನಡುವಿನ 1983ರದು ಅಂತ 43 ಪರೀಕ್ಷಾ ಕಾರುಗಳು ತಯಾರಾದವು, ಒಂದೂ ಮಾರಾಟವಾಗಲಿಲ್ಲ. ಉಳಿದ ಒಂದೇ ಒಂದು ಕಾರು ಕೆಂಟಕಿಯ ಬೌಲಿಂಗ್ ಗ್ರೀನ್ ವಸ್ತುಸಂಗ್ರಹಾಲಯದಲ್ಲಿದೆ. ಆದರೆ 1983ನೇ ಇಸವಿಯಲ್ಲಿ ತಯಾರಾಗಿ ಮಾರಾಟವಾದ ಕಾರ್ವೆಟ್‌ಗಳು ಬೇಕಾದಷ್ಟಿವೆ, ಅವೆಲ್ಲ 1984ರ ಮಾಡೆಲ್.

ಶಾಸನ ಓದುವವರಿಗೆ ಇದು ಹೊಸದಲ್ಲ. ಶಕ ವರ್ಷ 1000 ಎಂದರೆ ಕಳೆದ ವರ್ಷವೋ ನಡೆಯುತ್ತಿರುವ ವರ್ಷವೋ ಎಂಬುದರ ಮೇಲೆ ಕ್ರಿ.ಶ. 1078-79 ಆಗಬಹುದು, 1077-78 ಆಗಬಹುದು. ವರ್ಷ ಬದಲಾಗುವುದು ಯುಗಾದಿಗೆ, ಜನವರಿ ಒಂದಕ್ಕಲ್ಲ. ಕಾರಿನ ಕಂಪನಿಗೂ ತನ್ನದೇ ಒಂದು ಯುಗಾದಿ ಇದೆ ಅಂದ್ಕೊಳ್ರಿ.

ಹಾಗಾದರೆ ನಿಜವಾದ ದಿನ ಕಂಡುಹಿಡಿಯುವುದು ಹ್ಯಾಂಗ? ಮಸ್ಟಾಂಗ್ ಬಾಗಿಲಿನ ತಗಡಿನ ಮೇಲೆ ದಿನಕ್ಕೆ ಅಂಕಿ, ತಿಂಗಳಿಗೆ ಅಕ್ಷರ ಇರುತ್ತವೆ. ಅದು ಕೂಡ ಯೋಜಿಸಿದ ದಿನ, ಕಾರು ಹೊರಬಂದ ದಿನವೇ ಆಗಬೇಕಿಲ್ಲ. ಆದ್ದರಿಂದ ಎಂಜಿನ್ ಎರಕದ ದಿನಾಂಕ, ಗಾಜಿನ ಮೇಲಿನ ಗುರುತು, ಇವನ್ನೆಲ್ಲ ಕೂಡಿಸಿ ನೋಡಬೇಕು. ಮೂಲ ಭಾಗಗಳಲ್ಲಿ ಕೊನೆಯದರ ದಿನಾಂಕಕ್ಕಿಂತ ಮೊದಲು ಕಾರು ತಯಾರಾಗಿರಲು ಸಾಧ್ಯವಿಲ್ಲ. ಉತ್ಖನನದಲ್ಲಿ ಒಂದು ಪದರದೊಳಗೆ ಸಿಕ್ಕ ನಾಣ್ಯ ಹೇಳುವುದೂ ಇದನ್ನೇ.

ನಮ್ಮ ದೇಶದ ಕಾನೂನು ಬೇರೆ ದಾರಿ ಹಿಡಿದಿದೆ. 2021ರ ವಿಂಟೇಜ್ ವಾಹನ ನಿಯಮಗಳು 50 ವರ್ಷವನ್ನು ಎಣಿಸುವುದು ಮೊದಲ ನೋಂದಣಿಯ ದಿನದಿಂದ. ಕಾರ್ಖಾನೆ ಬಿಟ್ಟು ಎರಡು ವರ್ಷ ಅಂಗಡಿಯಲ್ಲೇ ನಿಂತ ಕಾರು, ಕಾನೂನಿನ ಲೆಕ್ಕದಲ್ಲಿ ಎರಡು ವರ್ಷ ಚಿಕ್ಕದು. ಸರ್ಕಾರಕ್ಕೆ ತನ್ನ ಹತ್ತಿರ ಇರುವ ದಾಖಲೆಯೇ ಆಧಾರ, ಅದರಲ್ಲಿ ತಪ್ಪಿಲ್ಲ. ನಾವು ಮಾತ್ರ ಅದನ್ನು ಹುಟ್ಟುದಿನ ಅಂತ ಓದಬಾರದು.

ನನ್ನ ವಾದ ಇಷ್ಟೇ. ಮಾಡೆಲ್ ವರ್ಷ ಬರೆದದ್ದು ಮಾರಾಟಕ್ಕಾಗಿ, ತಗಡಿನ ದಿನಾಂಕ ಬರೆದದ್ದು ಕಾರ್ಖಾನೆಯ ಕೆಲಸಕ್ಕಾಗಿ, ನೋಂದಣಿ ಬರೆದದ್ದು ಸರ್ಕಾರದ ಲೆಕ್ಕಕ್ಕಾಗಿ. ಮೂರೂ ಸಾಚಾ, ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಮೂರೂ ಸುಳ್ಳಾಗುತ್ತವೆ. ಇಸವಿ ಕಂಡ ತಕ್ಷಣ ಯಾರು ಬರೆದರು, ಯಾಕೆ ಬರೆದರು ಅಂತ ಕೇಳೋಣ. ಪ್ರಶ್ನೆಗಳಿದ್ದರೆ ಕೇಳ್ರಿ.