ಹಳೆಯ ಕಾರು, ದೂರದ ದಾರಿ

ಅತನೂರಿನ ಕಡೆ ಬಡಿಗೇರರು ಬಂಡಿಯ ಗಾಲಿಗೆ ಮರದ ಆರೆ ಕೂಡಿಸುವುದನ್ನು ನೋಡಿದವರಿಗೆ ಈ ಕಾರು ತೀರಾ ಅಪರಿಚಿತವೆನಿಸದು. 1928ರ ಗ್ರಹಾಂ-ಪೇಜ್ ಕಾರು ಅದು. ಅದರ ಚಕ್ರಗಳಿಗೂ ಮರದ ಆರೆಗಳೇ!

ಅರ್ಜೆಂಟೀನಾದ ಹರ್ಮನ್ ಜಾಪ್ ಮತ್ತು ಕ್ಯಾಂಡೆಲಾರಿಯಾ ಆಗ ಮೂವತ್ತರ ಆಸುಪಾಸಿನ ದಂಪತಿಯಾಗಿದ್ದರು. 2000ದ ಜನವರಿ 25ರಂದು ಇಬ್ಬರೂ ಬ್ಯೂನಸ್ ಐರಿಸ್‌ನಿಂದ ಈ ಕಾರಿನಲ್ಲಿ ಹೊರಟರು. ಗುರಿ ಅಲಾಸ್ಕಾ, ಅಂದಾಜು ಆರು ತಿಂಗಳ ಪ್ರವಾಸ. ಆದರೆ ಪಯಣ ಮುಗಿದದ್ದು 2022ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ 102 ದೇಶಗಳು, ಸುಮಾರು 3,62,000 ಕಿಲೋಮೀಟರ್ ದಾರಿ ಸವೆದಿತ್ತು. ಈ ಅವಧಿಯಲ್ಲೇ ನಾಲ್ಕು ಮಕ್ಕಳು ಹುಟ್ಟಿದರು. ಸ್ಥಳ ಸಾಲದೆ ಕಾರನ್ನೇ ಕತ್ತರಿಸಿ ಉದ್ದ ಮಾಡಿಸಿದರು.

ಇಷ್ಟು ಹಳೆಯ ಯಂತ್ರ ಇಷ್ಟು ದೂರ ಸಾಗಿದ್ದು ಹೇಗೆ? ಆ ಕಾಲದ ಕಾರಿನಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಣಗಳಿಲ್ಲ. ದೋಷ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಕಮ್ಮಾರನೋ ಬಡಿಗನೋ ಅದನ್ನು ಸರಿಪಡಿಸಬಲ್ಲ. ನಿಧಾನವಾಗಿ ಸಾಗುವ ಕಾರನ್ನು ಕಂಡು ಜನರೂ ಹತ್ತಿರ ಬಂದರು. ಸುಮಾರು 2,000 ಮನೆಗಳು ಈ ಕುಟುಂಬಕ್ಕೆ ಆಶ್ರಯ ನೀಡಿದವು.

ಹೊಸ ಯಂತ್ರ ಕೊಳ್ಳುವಾಗ ನಾವು ಅದರ ವೇಗವನ್ನು ಕೇಳುತ್ತೇವೆ. ಕೆಟ್ಟರೆ ನಮ್ಮೂರಲ್ಲೇ ರಿಪೇರಿ ಆದೀತೇ ಎಂದೂ ಕೇಳಬೇಕಲ್ಲವೇ?