ಉದಾಸೀನ: ಒಂದು ಕಾಲದ ದೊರೆ

ತೇರದಾಳದ ಕಡೆ ಜ್ವರ ಬಂದವರಿಗೆ 'ದುರ್ಲಕ್ಷ್ಯ ಮಾಡಬ್ಯಾಡ್ರಿ' ಎನ್ನುವುದು ರೂಢಿ. ಓದಿದವರ ಬಾಯಲ್ಲಿ ಅದೇ ಮಾತು 'ಉದಾಸೀನ ಮಾಡಬ್ಯಾಡ್ರಿ' ಆಗುತ್ತದೆ. ಮಂಗಳೂರು, ಉಡುಪಿಯ ಕಡೆ ಹೋದರೆ 'ಏಳಲಿಕ್ಕೆ ಉದಾಸೀನ ಆಗ್ತದೆ' ಎನ್ನುತ್ತಾರೆ, ಅಲ್ಲಿ ಅದು ಸೋಮಾರಿತನ. ತೇರದಾಳ ಹಿಂದೆ ಸಾಂಗಲಿ ಸಂಸ್ಥಾನದ ತಾಲ್ಲೂಕಾಗಿತ್ತು. ಆ ಸಾಂಗಲಿಯ ಮರಾಠಿಯಲ್ಲಿ 'ಉದಾಸ' ಎಂದರೆ ಬೇಸರ, ಮಂಕು. ಅಲಕ್ಷ್ಯ, ಆಲಸ್ಯ, ಬೇಸರ: ಮೂರರಲ್ಲೂ ಕಸುವಿಲ್ಲ. ಈ ಪದ ಒಂದು ಕಾಲಕ್ಕೆ ರಾಜಕೀಯದ ಅತ್ಯಂತ ಬಲಶಾಲಿ ದೊರೆಯ ಹೆಸರಾಗಿತ್ತು ಎಂದರೆ ಇಂದು ಯಾರೂ ನಂಬಲಾರರು.

ಕೌಟಿಲ್ಯನ ಅರ್ಥಶಾಸ್ತ್ರದ ಆರನೆಯ ಅಧಿಕರಣದಲ್ಲಿ ರಾಜಮಂಡಲದ ವಿವರಣೆ ಇದೆ. ನಡುವೆ ಗೆಲ್ಲಬಯಸುವ ವಿಜಿಗೀಷು, ಗಡಿಗೆ ತಾಗಿದ ಅರಿ, ಅವನಾಚೆ ಮಿತ್ರ. ವಿಜಿಗೀಷು, ಅರಿ ಇಬ್ಬರ ಗಡಿಗೂ ತಾಗಿಕೊಂಡು, ಯಾರಿಗೆ ಬೇಕಾದರೂ ನೆರವಾಗಬಲ್ಲವನು ಮಧ್ಯಮ. ಇವರೆಲ್ಲರ ಹೊರಗೆ ಇರುವವನು ಉದಾಸೀನ. ಅವನು ಎಲ್ಲರಿಗಿಂತ ಬಲವಂತ. ಅವರು ಒಂದಾಗಿರಲಿ, ಬೇರೆ ಬೇರೆಯಾಗಿರಲಿ, ಕೈಹಿಡಿದು ಕಾಯಬಲ್ಲ. ಒಗ್ಗೂಡದೆ ಇದ್ದರೆ ಒಬ್ಬೊಬ್ಬರನ್ನೂ ಅಡಗಿಸಬಲ್ಲ. ಅಂದರೆ ಕಾಳಗದಿಂದ ಹೊರಗಿರುವ ಈ ದೊರೆಯ ಕಡೆಗೆ ಕಾದಾಡುವವರೆಲ್ಲರೂ ಒಂದು ಕಣ್ಣಿಟ್ಟೇ ಇರಬೇಕು.

'ಆಸ್' ಎಂದರೆ ಕುಳಿತಿರು. 'ಆಸೀನ'ದ ಮುಂದೆ 'ಉತ್' ಸೇರಿ ಉದಾಸೀನ: ಹೊರಗೆ ಸರಿದು ಕುಳಿತವನು. ರಾಜನೀತಿಯ ಆರು ಗುಣಗಳಾದ ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವಗಳಲ್ಲಿ ಮೂರನೆಯದೂ ಇದೇ ಧಾತುವಿನದು. ಸುಮ್ಮನೆ ಕೂರುವುದೂ ಒಂದು ನಡೆ ಎಂದು ಕೌಟಿಲ್ಯ ಲೆಕ್ಕಕ್ಕೆ ಹಿಡಿದ. ಕಳೆದುಹೋಯಿತೆಂದುಕೊಂಡಿದ್ದ ಈ ಗ್ರಂಥ ಮತ್ತೆ ಸಿಕ್ಕಿದ್ದು ಮೈಸೂರಿನಲ್ಲಿ. ಓರಿಯೆಂಟಲ್ ಲೈಬ್ರರಿಗೆ ಬಂದಿದ್ದ ಓಲೆಪ್ರತಿಯನ್ನು ಗುರುತಿಸಿದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು.

ಪದ ಬಡವಾದ ದಾರಿಯ ಮೊದಲ ತಿರುವು ಭಗವದ್ಗೀತೆಯಲ್ಲಿ ಕಾಣುತ್ತದೆ. ಆರನೆಯ ಅಧ್ಯಾಯದ ಒಂದೇ ಶ್ಲೋಕದಲ್ಲಿ ಮಿತ್ರ, ಅರಿ, ಉದಾಸೀನ, ಮಧ್ಯಸ್ಥ ಎಲ್ಲರೂ ಸಾಲಾಗಿ ಬರುತ್ತಾರೆ. ಶಬ್ದಗಳು ಮಂಡಲದವು, ಆದರೆ ಮಾತು ಮನಸ್ಸಿನದು: ಇವರೆಲ್ಲರನ್ನೂ ಸಮನಾಗಿ ಕಾಣುವವನು ದೊಡ್ಡವನು. ಮುಂದೆ ಉದಾಸೀನತೆ ಯೋಗಿಯ ಗುಣವಾಯಿತು. ಯೋಗಿಯ ನಿರ್ಲಿಪ್ತಿ ಮನೆಮಾತಿಗೆ ಇಳಿದಾಗ ಅಲಕ್ಷ್ಯವಾಯಿತು. ಬಲ ಹೋಯಿತು, ಕೂರುವುದೊಂದು ಉಳಿಯಿತು.

'ಮಂಡಲ'ಕ್ಕೆ ಆ ಗತಿ ಬರಲಿಲ್ಲ. ಅದರಿಂದ ಬಂದ ಪದವಿ ತೇರದಾಳದ ಕಲ್ಲಿನ ಶಾಸನದಲ್ಲೇ ಇದೆ. ಸುಮಾರು 1123ರಲ್ಲಿ ಇಲ್ಲಿ ನೇಮಿನಾಥ ಜಿನಾಲಯ ಕಟ್ಟಿಸಿದ ಗೊಂಕ ಒಬ್ಬ ಮಾಂಡಲಿಕ. ಆ ಶಾಸನದಲ್ಲಿ ಸಾರ್ವಭೌಮನಾಗಿ ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಹೆಸರಿದೆ, ರಟ್ಟರ ಕಾರ್ತವೀರ್ಯನ ಹೆಸರಿದೆ, ಕೊಲ್ಹಾಪುರದ ರೂಪನಾರಾಯಣ ಬಸದಿಯ ಮಾಘನಂದಿ ಸೈದ್ಧಾಂತಿಕರ ಹೆಸರೂ ಇದೆ. ಕೊಲ್ಹಾಪುರ ಆಗ ಶಿಲಾಹಾರರದು. ಇಷ್ಟು ಜನರ ನಡುವೆ ಇದ್ದ ಗೊಂಕ ಉದಾಸೀನನಾಗುವಂತಿರಲಿಲ್ಲ. ಆ ಐಷಾರಾಮ ದೂರದ ಬಲಶಾಲಿಗೆ ಮಾತ್ರ ಇತ್ತು.

ಆರೇ ವರ್ಷಗಳ ನಂತರ, 1129ರ ಹೊತ್ತಿಗೆ, ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಮಾನಸೋಲ್ಲಾಸ ಬರೆದ. ಒಂದೇ ಹೊತ್ತಗೆಯಲ್ಲಿ ರಾಜನೀತಿಯೂ ಇದೆ, ಆಟಗಳ ಭಾಗದಲ್ಲಿ ಚದುರಂಗವೂ ಇದೆ. ಎರಡನ್ನೂ ಬಲ್ಲ ದೊರೆ ಅವನು. ಆದರೂ ಚದುರಂಗದ ಮಣೆಯ ಮೇಲೆ ಉದಾಸೀನನಿಗೆ ಮನೆಯಿಲ್ಲ. ಆನೆ, ಕುದುರೆ, ಕಾಲಾಳು ಯಾರೇ ಆಗಲಿ, ಒಂದು ಪಕ್ಷದವನೇ. ವಿದ್ವಾಂಸ ಅಲ್‌ಬಿರೂನಿ ಕಂಡು ಬರೆದಿಟ್ಟ ನಾಲ್ವರ ಚದುರಂಗದಲ್ಲೂ ನಾಲ್ವರೂ ಕಣದಲ್ಲೇ ಇರುತ್ತಾರೆ.

ಆ ಮನೆಯನ್ನು ಮಣೆಯ ಮೇಲೆ ತಂದದ್ದು 20ನೆಯ ಶತಮಾನದ ಯುದ್ಧತಂತ್ರದ ಆಟಗಳು. ಮೊದಲ ಪ್ರಯತ್ನಗಳು ನಮ್ಮ ಇಂದಿನ ಅರ್ಥದ 'ಉದಾಸೀನ'ವನ್ನೇ ಹಿಡಿದವು. ಅಲನ್ ಕ್ಯಾಲ್‌ಹ್ಯಾಮರ್ ರೂಪಿಸಿ 1959ರಲ್ಲಿ ಹೊರತಂದ 'ಡಿಪ್ಲೊಮಸಿ'ಯಲ್ಲಿ 34 ಆಯಕಟ್ಟಿನ ಕೇಂದ್ರಗಳಿವೆ. ಅವುಗಳಲ್ಲಿ 12 ಆರಂಭದಲ್ಲಿ ಯಾರಿಗೂ ಸೇರಿರುವುದಿಲ್ಲ. ಬೆಲ್ಜಿಯಂ, ಸ್ವೀಡನ್, ಗ್ರೀಸ್ ಮುಂತಾದ ಆ ಕಡೆಗಳಲ್ಲಿ ಸೈನ್ಯವೂ ಇಲ್ಲ, ದನಿಯೂ ಇಲ್ಲ. ಮೊದಲು ಬಂದವನದೇ ನೆಲ. 1974ರ 'ಥರ್ಡ್ ರೈಖ್' ಅಮೆರಿಕವನ್ನು 1942ರ ವಸಂತಕ್ಕೆ ಯುದ್ಧಕ್ಕಿಳಿಸುತ್ತದೆ. ಆಟಗಾರರು ಏನೇ ಮಾಡಲಿ, ತಾರೀಖು ಕದಲುವುದಿಲ್ಲ. ಜರ್ಮನಿ ಆಡುವವನು ಬೆರಳು ಮಡಿಚಿ ತಿಂಗಳು ಎಣಿಸಿಕೊಂಡರೆ ಸಾಕು, ಅಮೆರಿಕದ ಕಡೆ ನೋಡಬೇಕಾಗಿಯೇ ಇಲ್ಲ. ಕೌಟಿಲ್ಯನ ಮಾತಿನಲ್ಲಿ ಹೇಳಿದರೆ ಇಲ್ಲಿ ಬಲವಿದೆ, ಭಯವಿಲ್ಲ.

1985ರ 'ವರ್ಲ್ಡ್ ಇನ್ ಫ್ಲೇಮ್ಸ್' ಆ ಭಯವನ್ನು ಕಂಡುಹಿಡಿಯಿತು. ಜರ್ಮನಿ, ಜಪಾನ್ ಇಡುವ ಆಕ್ರಮಣದ ಹೆಜ್ಜೆಗಳಿಗೆ ಪ್ರತಿಯಾಗಿ ಅಮೆರಿಕದ ಚೀಲಕ್ಕೆ ಬಿಲ್ಲೆಗಳು ಬೀಳುತ್ತವೆ. ಅವುಗಳ ಬೆಲೆ ಎದುರಾಳಿಗೆ ಕಾಣದು. ಎಷ್ಟು ಕೆಣಕಿದರೆ ಅಮೆರಿಕದವನು ಏಳುತ್ತಾನೆ ಎಂಬ ಅಳುಕು ಪ್ರತಿ ಸರದಿಯಲ್ಲೂ ಇರುತ್ತದೆ. ಮಣೆಯ ಮೇಲೆ ನಾನು ಕಂಡ ನಿಜವಾದ ಉದಾಸೀನ ಇವನೇ: ಸಾಗರದಾಚೆ ಕುಳಿತಿದ್ದಾನೆ, ಎಲ್ಲರಿಗಿಂತ ಬಲವಂತ, ಮತ್ತು ಅವನ ಕೂರುವಿಕೆಯೇ ಇತರರ ನಡೆಯನ್ನು ತಿದ್ದುತ್ತದೆ.

ಮೊದಲ ಮಹಾಯುದ್ಧದ 'ಪಾತ್ಸ್ ಆಫ್ ಗ್ಲೋರಿ' (1999) ಅಮೆರಿಕದ ವಿಷಯದಲ್ಲಿ ಇದೇ ದಾರಿಯದು. ಯುದ್ಧದ ಕಾವು ಒಂದು ಮಟ್ಟ ಮುಟ್ಟುವ ತನಕ ಅಮೆರಿಕವನ್ನು ಯುದ್ಧಕ್ಕೆಳೆಯುವ ಝಿಮ್ಮರ್‌ಮನ್ ತಂತಿಯ ಎಲೆ (ಕಾರ್ಡ್) ಬೀಳದು. ಆದರೆ ಇಟಲಿಯನ್ನು ಅದು ಒಂದೇ ಎಲೆಗೆ ಮುಗಿಸಿಬಿಡುತ್ತದೆ. ಮಿತ್ರಕೂಟದವನು ಎಲೆ ಇಳಿಸಿದ, ಇಟಲಿ ಬಂತು. ಇದು ನನಗೆ ಒಪ್ಪಿಗೆಯಾಗುವುದಿಲ್ಲ. ಜರ್ಮನಿ, ಆಸ್ಟ್ರಿಯ ಜೊತೆ ಒಪ್ಪಂದವಿದ್ದ ಇಟಲಿ 1914ರಲ್ಲಿ ಹೊರಗುಳಿಯಿತು, ಎರಡೂ ಕಡೆ ಚೌಕಾಸಿ ನಡೆಸಿತು, 1915ರ ಏಪ್ರಿಲ್ 26ರಂದು ಲಂಡನ್ನಿನಲ್ಲಿ ಗುಟ್ಟಾಗಿ ಸಹಿ ಹಾಕಿ ಮೇ 23ರಂದು ಆಸ್ಟ್ರಿಯದ ಮೇಲೆ ಯುದ್ಧ ಸಾರಿತು. ಎರಡೂ ಪಕ್ಷಗಳ ಗಡಿಗೆ ತಾಗಿದ ಅದು ಶುದ್ಧ ಮಧ್ಯಮ. ಅದರ ಪಾಲಿಗೆ ಬೇಕಾದದ್ದು ಬೆಲೆ ಕೂಗುವ ವ್ಯವಸ್ಥೆ: ಎರಡೂ ಕಡೆಯವರು ತಮ್ಮ ನೆಲವನ್ನೇ ಪಣಕ್ಕಿಟ್ಟು ಕರೆಯಬೇಕು. ಉದಾಸೀನನನ್ನು ಕೆಣಕಬಾರದು, ಮಧ್ಯಮನನ್ನು ಕೊಳ್ಳಬೇಕು. ಇಬ್ಬರಿಗೂ ಒಂದೇ ನಿಯಮ ಬರೆದ ಆಟ ಸೊರಗುತ್ತದೆ.

ಇಬ್ಬರನ್ನೂ ಪತ್ರಿಕೆಯ ಕನ್ನಡ ಇಂದು 'ತಟಸ್ಥ' ಎಂಬ ಒಂದೇ ಪದದಲ್ಲಿ ಕಟ್ಟಿಹಾಕಿದೆ. ತಟದಲ್ಲಿ ನಿಂತವನು ತಟಸ್ಥ. ದಡ ಸುರಕ್ಷಿತ ಎಂಬ ನಂಬಿಕೆ ಆ ಪದದೊಳಗಿದೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಜಮಖಂಡಿ, ರಬಕವಿ-ಬನಹಟ್ಟಿ ಭಾಗದ ಹಳ್ಳಿಗಳಿಗೆ ನುಗ್ಗಿದ್ದನ್ನು ಕಂಡವರಿಗೆ ಆ ನಂಬಿಕೆ ಉಳಿದಿರಲಾರದು. ಇತರರು ಕೊಟ್ಟ ಭಾಷೆಯ ಮೇಲೆ ನಿಂತಿದ್ದ, 1914ರ ಆಗಸ್ಟ್ 4ರಂದು ಜರ್ಮನ್ ಸೈನ್ಯ ಒಳನುಗ್ಗಿದ ಬೆಲ್ಜಿಯಂಗೆ ಈ ಪದ ಸರಿಯಾಗಿಯೇ ಹೊಂದುತ್ತದೆ. ಕನ್ನಡದಲ್ಲಿ ಇಂಥ ಆಟದ ನಿಯಮಪುಸ್ತಕ ಬರೆಯುವವರು ಬೆಲ್ಜಿಯಂಗೆ ತಟಸ್ಥ, ಇಟಲಿಗೆ ಮಧ್ಯಮ ಎನ್ನಲಿ. ಅಮೆರಿಕದ ಬಿಲ್ಲೆಯ ಮೇಲೆ ಉದಾಸೀನ ಎಂದೇ ಅಚ್ಚಾಗಲಿ.