ಕಾಳಿಯ ಕಲ್ಲು

ಕೆಲವು ವರ್ಷಗಳ ಹಿಂದೆ ಸಿರಿಗೆರೆಯಿಂದ ನನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. 1865ರಲ್ಲಿ ಸ್ಥಾಪಿತವಾದ ಆ ಸಂಗ್ರಹದಲ್ಲಿ ನಾನು ಮುಖ್ಯವಾಗಿ ತೋರಿಸಬೇಕೆಂದಿದ್ದುದು ಆತಕೂರಿನ ಶಾಸನ. ತರಗತಿಯಲ್ಲಿ ಅದನ್ನು ಎಷ್ಟೋ ಸಲ ಪಾಠ ಹೇಳಿದ್ದೆ, ಕಣ್ಣಾರೆ ಕಂಡಿರಲಿಲ್ಲ.

ಮದ್ದೂರು ತಾಲ್ಲೂಕಿನಿಂದ ಬಂದ ಈ ಕಲ್ಲಿಗೆ ಚರಿತ್ರಕಾರರು ಬೆಲೆ ಕೊಡುವುದು ತಕ್ಕೋಲದ ಯುದ್ಧದ ಸಮಾಚಾರಕ್ಕಾಗಿ. 949ರ ಸುಮಾರಿಗೆ ನಡೆದ ಆ ಯುದ್ಧದಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿದ್ದ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಪಠ್ಯಪುಸ್ತಕಕ್ಕೆ ಇಷ್ಟು ಸಾಕು. ಆದರೆ ಕಲ್ಲನ್ನು ನಿಲ್ಲಿಸಿದ್ದು ಇದಕ್ಕಲ್ಲ. ಬೂತುಗನ ಸೇವಕ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ ‘ಬೇಡು’ ಎಂದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಮುಂದೆ ಬೆಳತೂರಿನ ಬೆಟ್ಟದಲ್ಲಿ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದಿತು. ಎರಡೂ ಕಾದಾಡಿ ಸತ್ತವು. ಮಣಲೆರನು ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಿಸಿ, ಭೂಮಿಯನ್ನೂ ಬಿಟ್ಟನು. ಕಲ್ಲಿಗೆ ಪೂಜೆ ಸಲ್ಲಿಸದೆ ಗೊರವನು ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುವುದೆಂದು ಬರೆಸಿದನು.

ಇದನ್ನು ವಿವರಿಸುತ್ತಿದ್ದಾಗ ಒಬ್ಬ ಹುಡುಗ ಕೇಳಿದ: “ಸಾರ್, ಈಗ ಇದಕ್ಕೆ ಪೂಜೆ ಮಾಡುವವರು ಯಾರು?”

ಉಳಿದವರು ನಕ್ಕರು. ನನಗೆ ಉತ್ತರ ಹೊಳೆಯಲಿಲ್ಲ.

ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮಯೂರಶರ್ಮನ ಶಾಸನ ಇಂದಿಗೂ ಬಂಡೆಯ ಮೇಲೆಯೇ ಇದೆ. ಕೆರೆಯ ಮಾತನ್ನು ಓದಿ ತಲೆಯೆತ್ತಿದರೆ ಎದುರಿಗೆ ನೀರು. ಅಲ್ಲಿ ಅಕ್ಷರಕ್ಕೆ ಸ್ಥಳವೇ ಸಾಕ್ಷಿ. ಆತಕೂರಿನ ಕಲ್ಲಿಗೆ ಆ ಭಾಗ್ಯವಿಲ್ಲ. ಗುಡಿ, ಭೂಮಿ, ಗೊರವ ಎಲ್ಲವೂ ಹಿಂದೆ ಉಳಿದವು. ಸಂಗ್ರಹಾಲಯವನ್ನು ದೂರುವುದು ನನ್ನ ಉದ್ದೇಶವಲ್ಲ. ಬಟ್ಟೆ ಒಗೆಯುವ ಕಲ್ಲಾಗಿ, ಮೋರಿಯ ಚಪ್ಪಡಿಯಾಗಿ ಅಕ್ಷರ ಸವೆದ ಶಾಸನಗಳು ನಮ್ಮ ನಾಡಿನಲ್ಲಿ ಕಡಮೆಯೇ? ಆದರೆ ರಾಜನ ಹೆಸರು, ಕಾಲ, ಲಿಪಿ ಇಷ್ಟನ್ನೇ ಬರೆದಿಟ್ಟರೆ ಉಳಿದದ್ದು ಕಲ್ಲು ಮಾತ್ರ. ಅದು ಎಲ್ಲಿ, ಯಾರ ಎದುರು ನಿಂತಿತ್ತು, ಯಾರಿಂದ ಏನನ್ನು ಬಯಸಿತ್ತು ಎಂಬುದೂ ಅದರ ಚರಿತ್ರೆಯೇ. ಊರ ಬಾಗಿಲಲ್ಲಿರುವ ವೀರಗಲ್ಲನ್ನು ಎತ್ತಿಸುವ ಮೊದಲು, ಅದಕ್ಕೆ ಎಣ್ಣೆ ಹಚ್ಚುವ ಮುದುಕಿಯನ್ನು ಒಂದು ಮಾತು ಕೇಳಿ ಬರೆದುಕೊಳ್ಳುವುದು ದೊಡ್ಡ ಕೆಲಸವೇನಲ್ಲ.

ಊಟದ ಹೊತ್ತಾಗಿತ್ತು, ಬುತ್ತಿ ಬಸ್ಸಿನಲ್ಲಿತ್ತು. ಪ್ರಶ್ನೆ ಕೇಳಿದ ಹುಡುಗನ ಕೈಗೆ ಶಾಸನಪಾಠದ ಪುಸ್ತಕ ಕೊಟ್ಟು, ಮೊದಲಿನಿಂದ ಗಟ್ಟಿಯಾಗಿ ಓದಿಸಿದೆ. ತಡವರಿಸುತ್ತ ಓದಿದ. ಈ ಸಲ ಯಾರೂ ನಗಲಿಲ್ಲ. ಅವನು ಮುಗಿಸಿದ ಮೇಲೆಯೇ ನಾವೆಲ್ಲ ಊಟಕ್ಕೆ ಹೊರಟದ್ದು.